ಕಲ್ಕಿಯವರ ಇಮ್ಮಡಿ ಪುಲಿಕೇಶಿ

೧

ಐತಿಹಾಸಿಕ ಕಾದಂಬರಿಯನ್ನು ಅದು ಹುಟ್ಟಿದ ನಾಡಿನವರು ಓದುವುದು ಒಂದು ಬಗೆ. ಆ ಕಥೆಯಲ್ಲಿ ಶತ್ರುವಾಗಿ ಬಂದಿರುವ ನಾಡಿನವರು ಓದುವುದು ಇನ್ನೊಂದು ಬಗೆ. ಮೊದಲನೆಯವರಿಗೆ ಅದು ತಮ್ಮ ಪೂರ್ವಿಕರ ಕೀರ್ತಿಯ ಕಥೆ. ಎರಡನೆಯವರಿಗೆ ಅದು ತಮ್ಮ ಮೇಲೆ ಹೊರಿಸಿದ ಅಪವಾದಗಳ ಪಟ್ಟಿಯಂತೆ ತೋರುವುದು ಸಹಜ. ತಮಿಳಿನ ಪ್ರಸಿದ್ಧ ಕಾದಂಬರಿಕಾರರಾದ 'ಕಲ್ಕಿ' ಕೃಷ್ಣಮೂರ್ತಿಯವರ 'ಶಿವಕಾಮಿಯಿನ್ ಶಪಥಂ' ಕನ್ನಡಿಗರ ಪಾಲಿಗೆ ಇಂತಹ ಗ್ರಂಥ. ಅದರಲ್ಲಿ ಕಂಚಿಯನ್ನು ಮುತ್ತಿದವನು, ಕಲಾವಿದರನ್ನು ಹಿಂಸಿಸಿದವನು, ಕಥಾನಾಯಿಕೆಯ ದುಃಖಕ್ಕೆ ಕಾರಣನಾದವನು ಬೇರೆ ಯಾರೂ ಅಲ್ಲ. ನಮ್ಮ ವಾತಾಪಿಯ ಚಾಲುಕ್ಯ ಚಕ್ರವರ್ತಿ, ಸತ್ಯಾಶ್ರಯ ಇಮ್ಮಡಿ ಪುಲಿಕೇಶಿ.

ಕರ್ನಾಟಕದೊಳಗೆ ಇರುವವರಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗದು. ಚೆನ್ನೈಯಂತಹ ಊರಿನಲ್ಲಿ ನೆಲೆಸಿರುವ ಕನ್ನಡಿಗನಿಗೆ ಅದು ತಪ್ಪಿದ್ದಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನ ತಮಿಳು ಮಿತ್ರರು, ತಾವು ಎಳೆಯ ವಯಸ್ಸಿನಲ್ಲಿ ಈ ಕಾದಂಬರಿಯನ್ನು ಓದಿ ಕಣ್ಣೀರು ಸುರಿಸಿದುದನ್ನು ಹೇಳಿ, ಕೊನೆಗೆ ನಗುತ್ತ "ನಿಮ್ಮ ಪುಲಿಕೇಶಿಯೇ ಅಲ್ಲವೆ ಅಷ್ಟೆಲ್ಲ ಮಾಡಿದ್ದು?" ಎಂದು ಕೇಳುತ್ತಾರೆ. ಆ ಮಾತಿನಲ್ಲಿ ದ್ವೇಷವಿಲ್ಲ. ಸಲಿಗೆಯ ಮಾತು ಅದು. ಆದರೆ ಉತ್ತರ ಕೊಡುವುದು ಸುಲಭವಲ್ಲ. "ಅದೆಲ್ಲ ಬರಿಯ ಕಟ್ಟುಕಥೆ" ಎಂದರೆ ಸತ್ಯವನ್ನು ಅರ್ಧ ಮಾತ್ರ ಹೇಳಿದಂತೆ. "ಹೌದು" ಎಂದರೆ ಅರ್ಧವನ್ನೂ ಹೇಳಿದಂತಾಗಲಿಲ್ಲ. ಸರಿಯಾದ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಗ್ರಂಥಕರ್ತರ ಜೀವನವನ್ನೂ ಅವರ ಕಲೆಯನ್ನೂ ಮೊದಲು ನೋಡಿ, ಬಳಿಕ ಶಾಸನಗಳ ಕಡೆಗೆ ತಿರುಗಿ, ಆಮೇಲೆ ಕಾದಂಬರಿಗೆ ಬರುವುದು ಯುಕ್ತವೆಂದು ತೋರುತ್ತದೆ.

೨

ರಾ. ಕೃಷ್ಣಮೂರ್ತಿಯವರು ೧೮೯೯ರ ಸೆಪ್ಟೆಂಬರ್ ೯ರಂದು ತಂಜಾವೂರು ಸೀಮೆಯ ಮಾಯವರದ ಸಮೀಪದ ಪುತ್ತಮಂಗಲಂ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಕಾವೇರಿಯ ಕಾಲುವೆಗಳ ನಡುವಣ ಆ ಬಯಲು ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಹಸುರಾಗಿಯೇ ಉಳಿಯಿತು. ತಿರುಚಿನಾಪಳ್ಳಿಯಲ್ಲಿ ಓದುತ್ತಿದ್ದಾಗ, ೧೯೨೧ರಲ್ಲಿ, ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಶಾಲೆಯನ್ನು ಬಿಟ್ಟರು. ಮರುವರ್ಷ ಒಂದು ವರ್ಷದ ಸೆರೆವಾಸವನ್ನು ಅನುಭವಿಸಿದರು. ೧೯೨೩ರಲ್ಲಿ ತಿರು. ವಿ. ಕಲ್ಯಾಣಸುಂದರ ಮೊದಲಿಯಾರರ 'ನವಶಕ್ತಿ' ಪತ್ರಿಕೆಯನ್ನು ಸೇರಿದರು. ಮುಂದೆ ರಾಜಾಜಿಯವರ ತಿರುಚೆಂಗೋಡು ಆಶ್ರಮದಲ್ಲಿದ್ದು, ಪಾನನಿರೋಧದ ಪ್ರಚಾರಕ್ಕಾಗಿ ಹೊರಡುತ್ತಿದ್ದ 'ವಿಮೋಚನಂ' ಪತ್ರಿಕೆಯಲ್ಲಿ ದುಡಿದರು. ಆ ಬಳಿಕ ಎಸ್. ಎಸ್. ವಾಸನ್ನರ 'ಆನಂದ ವಿಕಟನ್' ಅವರ ಕರ್ಮಭೂಮಿಯಾಯಿತು. ಹಾಸ್ಯ, ಪ್ರವಾಸ, ರಾಜಕೀಯ, ಸಂಗೀತವಿಮರ್ಶೆ, ಕಥೆ, ಧಾರಾವಾಹಿ ಹೀಗೆ ಅವರ ಲೇಖನಿ ಮುಟ್ಟದ ವಿಷಯವಿರಲಿಲ್ಲ. ಸಂಗೀತವನ್ನು ವಿಮರ್ಶಿಸುವಾಗ ಅವರು ಇಟ್ಟುಕೊಂಡಿದ್ದ ಅಂಕಿತ 'ಕರ್ನಾಟಕಂ' ಎಂಬುದು ನಮಗೆ ಸಂತೋಷವನ್ನು ಕೊಡುವ ಸಂಗತಿ. ಆ ಹೆಸರಿಗೂ ನಮ್ಮ ಪುಲಿಕೇಶಿಗೂ ಸಂಬಂಧವಿಲ್ಲವೆಂಬುದು ಬೇರೆ ಮಾತು.

೧೯೪೧ರಲ್ಲಿ ಅವರು ವಿಕಟನ್ನನ್ನು ಬಿಟ್ಟು, ಮಿತ್ರರಾದ ಟಿ. ಸದಾಶಿವಂ ಅವರೊಡನೆ ಸ್ವಂತ ವಾರಪತ್ರಿಕೆಯನ್ನು ತೆರೆದರು. ಸದಾಶಿವಂ ಅವರ ಪತ್ನಿ ಎಂ. ಎಸ್. ಸುಬ್ಬುಲಕ್ಷ್ಮಿಯವರು 'ಸಾವಿತ್ರಿ' ಚಲನಚಿತ್ರದಲ್ಲಿ ನಾರದನ ಪಾತ್ರವನ್ನು ವಹಿಸಿ, ಬಂದ ಹಣವನ್ನು ಈ ಪತ್ರಿಕೆಗೆ ಮೂಲಧನವಾಗಿ ಕೊಟ್ಟರು. ಪತ್ರಿಕೆಗೆ ಸಂಪಾದಕರ ಅಂಕಿತವೇ ಹೆಸರಾಯಿತು. 'ಪಾರ್ತಿಬನ್ ಕನವು', 'ಶಿವಕಾಮಿಯಿನ್ ಶಪಥಂ', 'ಅಲೈ ಓಶೈ', 'ಪೊನ್ನಿಯಿನ್ ಸೆಲ್ವನ್' ಇವೆಲ್ಲವೂ ವಾರವಾರವೂ 'ಕಲ್ಕಿ'ಯಲ್ಲಿ ಬೆಳಕು ಕಂಡ ಧಾರಾವಾಹಿಗಳು. ೧೯೫೪ರ ಡಿಸೆಂಬರ್ ೫ರಂದು, ಐವತ್ತೈದು ವರ್ಷದ ವಯಸ್ಸಿನಲ್ಲಿ, ಅವರು ಕಾಲವಾದರು. ೧೯೫೬ರಲ್ಲಿ ಸಾಹಿತ್ಯ ಅಕಾಡೆಮಿ ಮರಣೋತ್ತರವಾಗಿ ಅವರನ್ನು ಗೌರವಿಸಿತು. ಆ ಗೌರವ ಸಂದುದು ಐತಿಹಾಸಿಕ ಕಾದಂಬರಿಗಲ್ಲ, ಸ್ವಾತಂತ್ರ್ಯಸಂಗ್ರಾಮದ ಕಾಲವನ್ನು ಚಿತ್ರಿಸುವ 'ಅಲೈ ಓಶೈ'ಗೆ. ಆದರೆ ಓದುಗರ ತೀರ್ಪು ಬೇರೆಯಾಗಿತ್ತು. ಅವರ ಕೃತಿಗಳನ್ನು ತಮಿಳುನಾಡು ಸರ್ಕಾರ ರಾಷ್ಟ್ರೀಕರಣಗೊಳಿಸಿದ ಮೇಲೆ ಯಾವ ಪ್ರಕಾಶಕನಾದರೂ ಅವುಗಳನ್ನು ಅಚ್ಚುಹಾಕಬಹುದಾಯಿತು. 'ಪೊನ್ನಿಯಿನ್ ಸೆಲ್ವನ್' ೨೦೨೨ ಮತ್ತು ೨೦೨೩ರಲ್ಲಿ ಎರಡು ಭಾಗಗಳ ಚಲನಚಿತ್ರವಾಗಿ ಬಂದು, ತಮಿಳನ್ನು ಅರಿಯದವರಿಗೂ ಅವರ ಹೆಸರನ್ನು ಮುಟ್ಟಿಸಿತು.

೩

ಕಲ್ಕಿಯವರ ಜನಪ್ರಿಯತೆಯನ್ನು ನೋಡಿ ಮೂಗು ಮುರಿಯುವ ವಿದ್ವಾಂಸರು ತಮಿಳಿನಲ್ಲಿಯೂ ಉಂಟು. ಆದರೆ ಜನಪ್ರಿಯತೆ ತಾನಾಗಿ ಬರತಕ್ಕ ವಸ್ತುವಲ್ಲ. ಅದಕ್ಕೆ ಅದರದೇ ಆದ ಒಂದು ಶಿಸ್ತು ಇದೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಪ್ರತಿಯೊಂದು ಅಧ್ಯಾಯವೂ ತನ್ನಷ್ಟಕ್ಕೆ ತಾನು ತೃಪ್ತಿಯನ್ನು ಕೊಡಬೇಕು. ಆದರೂ ಮುಂದಿನ ವಾರದ ಹಸಿವನ್ನು ಉಳಿಸಬೇಕು. ಎಂಟು ದಿನದ ಹಿಂದೆ ಓದಿದುದನ್ನು ಮರೆತವನಿಗೆ ನೆನಪು ಹುಟ್ಟಿಸಬೇಕು, ಮರೆಯದವನಿಗೆ ಬೇಸರವಾಗಬಾರದು. ಮನೆಯ ಹಿರಿಯರಿಂದ ಹಿಡಿದು ಆಗತಾನೆ ಅಕ್ಷರ ಕಲಿತ ಹುಡುಗಿಯವರೆಗೆ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ ಓದುವ ಕುಟುಂಬಕ್ಕೆ ಭಾಷೆ ಎಲ್ಲಿಯೂ ತೊಡಕಾಗಬಾರದು. ಕಲ್ಕಿಯವರು ಈ ಎಲ್ಲ ಕಟ್ಟುಪಾಡುಗಳನ್ನೂ ಲೀಲೆಯಿಂದ ನಿಭಾಯಿಸಿದರು. ಅವರ ಗದ್ಯ ಮಾತಿನ ಹದಕ್ಕೆ ಹತ್ತಿರ. ಅವರು ನಡುನಡುವೆ ವಾಚಕನ ಕೈಹಿಡಿದು, ಇಗೋ ಈ ದಾರಿಯಾಗಿ ಬನ್ನಿ ಎಂದು ಕರೆದುಕೊಂಡು ಹೋಗುತ್ತಾರೆ. ನಮ್ಮ ಹರಿಕಥೆಯ ದಾಸರು ಸಭೆಯೊಡನೆ ಇಟ್ಟುಕೊಳ್ಳುವ ಸಂಬಂಧದಂತಹುದು ಅದು.

'ಶಿವಕಾಮಿಯಿನ್ ಶಪಥಂ' ಆರಂಭವಾಗುವ ರೀತಿಯನ್ನೇ ನೋಡಬಹುದು. ವಿದ್ಯೆ ಕಲಿಯಲೆಂದು ಹಳ್ಳಿಯಿಂದ ಹೊರಟ ಪರಂಜ್ಯೋತಿಯೆಂಬ ತರುಣ ಒಬ್ಬ ಬೌದ್ಧಭಿಕ್ಷುವಿನೊಡನೆ ಕಂಚಿಯತ್ತ ನಡೆದುಬರುತ್ತಿದ್ದಾನೆ. ಅದೇ ಸಂಜೆ ನಗರದಲ್ಲಿ ಶಿಲ್ಪಿ ಆಯನರ ಮಗಳು ಶಿವಕಾಮಿಯ ನೃತ್ಯದ ಅರಂಗೇಟ್ರಂ. ನೃತ್ಯದ ನಡುವೆ ಯುದ್ಧದ ಸುದ್ದಿ ಬಂದು ಸಭೆ ಮುಗಿಯುತ್ತದೆ. ಬೀದಿಯಲ್ಲಿ ಮದವೇರಿದ ಆನೆಯೊಂದು ಶಿವಕಾಮಿಯ ಪಲ್ಲಕ್ಕಿಯ ಮೇಲೆ ನುಗ್ಗಿದಾಗ, ಹೊಸಬನಾದ ಪರಂಜ್ಯೋತಿ ಈಟಿಯನ್ನು ಎಸೆಯುತ್ತಾನೆ. ಅತ್ಯಲ್ಪ ಪುಟಗಳಲ್ಲಿ ನಾಡು, ಕಲೆ, ಯುದ್ಧ, ವೀರ, ಗೂಢಚಾರ ಎಲ್ಲವೂ ರಂಗಕ್ಕೆ ಬಂದಾಯಿತು. ಇದನ್ನು ಬರಿಯ ಕೈಚಳಕವೆಂದು ತಳ್ಳಿಹಾಕಲಾಗದು. ನಾಲ್ಕು ಭಾಗಗಳ ಆ ಮಹಾಕಥೆಯ ಎಲ್ಲ ಎಳೆಗಳೂ ಆ ಒಂದು ಸಂಜೆಯಲ್ಲಿಯೇ ಹುದುಗಿವೆ.

ಕಾದಂಬರಿ ಹೊರಬಂದ ಕಾಲವನ್ನೂ ಮರೆಯಬಾರದು. ಅದು ೧೯೪೪ರಿಂದ ೧೯೪೬ರವರೆಗೆ ಪ್ರಕಟವಾಯಿತು. ಅದಕ್ಕೆ ಎರಡು ವರ್ಷ ಹಿಂದೆ, ೧೯೪೨ರ ಏಪ್ರಿಲ್‌ನಲ್ಲಿ, ಜಪಾನಿನ ದಾಳಿಯ ಭೀತಿಯಿಂದ ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿದ್ದರು. ಮುತ್ತಿಗೆಗೆ ಸಿದ್ಧವಾಗುವ ಕಂಚಿಯ ವರ್ಣನೆ ಅವರಿಗೆ ಕೇವಲ ಏಳನೆಯ ಶತಮಾನದ ಸಂಗತಿಯಾಗಿರಲಾರದು. ಪರಾಧೀನವಾಗಿದ್ದ ನಾಡಿನಲ್ಲಿ, ಹೊರಗಿನಿಂದ ಬಂದ ದಂಡಿನ ಎದುರು ಬಾಗದ ನಗರವೊಂದರ ಕಥೆ ಹೃದಯವನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ. ಆ ಹೊರಗಿನವರ ಸ್ಥಾನದಲ್ಲಿ ಚಾಲುಕ್ಯರು ನಿಂತರೆಂಬುದೇ ನಮ್ಮ ತೊಡಕು.

೪

ಇನ್ನು ಇತಿಹಾಸದ ಮಾತು. ಪಲ್ಲವ-ಚಾಲುಕ್ಯ ಯುದ್ಧದ ವಿಚಾರದಲ್ಲಿ ಎರಡು ಕಡೆಯ ಸಾಕ್ಷ್ಯಗಳೂ ನಮಗೆ ದೊರೆತಿವೆ. ಐಹೊಳೆಯ ಮೇಗುಟಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನ ಶಕವರ್ಷ ೫೫೬ರದು, ಎಂದರೆ ಕ್ರಿ.ಶ. ೬೩೪-೩೫. ಪುಲಿಕೇಶಿ ಹರ್ಷನನ್ನು ತಡೆದುದನ್ನೂ, ಪಲ್ಲವರಾಜನು ಕಂಚಿಯ ಕೋಟೆಗೋಡೆಯ ಮರೆಯನ್ನು ಸೇರುವಂತೆ ಮಾಡಿದುದನ್ನೂ ಅದು ಹೇಳುತ್ತದೆ. ಪಲ್ಲವರ ಕಡೆಯ ಕಾಶಾಕುಡಿ ತಾಮ್ರಶಾಸನ ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ವೈರಿಗಳನ್ನು ಧ್ವಂಸಮಾಡಿದನೆನ್ನುತ್ತದೆ; ವೈರಿಯ ಹೆಸರನ್ನು ಅದು ಹೇಳುವುದಿಲ್ಲ. ಮಹೇಂದ್ರನ ಮಗ ನರಸಿಂಹವರ್ಮನು ಪರಿಯಲ, ಮಣಿಮಂಗಲ, ಶೂರಮಾರ ಎಂಬೆಡೆಗಳಲ್ಲಿ ಪುಲಿಕೇಶಿಯನ್ನು ಸೋಲಿಸಿ ಬೆನ್ನುಗೊಡುವಂತೆ ಮಾಡಿದನೆಂದೂ ವಾತಾಪಿಯನ್ನು ನಾಶಮಾಡಿದನೆಂದೂ ಕೂರಂ ಶಾಸನ ಕೊಂಡಾಡುತ್ತದೆ. ಸುಮಾರು ಕ್ರಿ.ಶ. ೬೪೨ರಲ್ಲಿ ಬಾದಾಮಿ ಪಲ್ಲವರ ವಶವಾದುದಕ್ಕೆ ಆ ಊರಿನ ಬಂಡೆಯ ಮೇಲಿರುವ ನರಸಿಂಹವರ್ಮನ ಶಾಸನವೇ ಸಾಕ್ಷಿ. ದಂಡನಾಯಕ ಪರಂಜ್ಯೋತಿ ವಾತಾಪಿಯನ್ನು ಗೆದ್ದು ಬಂದು, ಬಳಿಕ ಶಿರುತ್ತೊಂಡರ್ ಎಂಬ ಶಿವಭಕ್ತನಾದ ಕಥೆ ಹನ್ನೆರಡನೆಯ ಶತಮಾನದ 'ಪೆರಿಯಪುರಾಣ'ದಲ್ಲಿದೆ. ಅವನ ಊರಾದ ತಿರುಚೆಂಗಾಟ್ಟಂಗುಡಿಯಲ್ಲಿ ವಾತಾಪಿಯಿಂದ ಬಂದನೆಂದು ಐತಿಹ್ಯವಿರುವ ಗಣಪತಿ ಇಂದಿಗೂ ಪೂಜೆಗೊಳ್ಳುತ್ತಿದ್ದಾನೆ.

ಕಲ್ಕಿಯವರು ಕಥೆಯನ್ನು ಕಟ್ಟಿದುದು ಈ ಅಡಿಪಾಯದ ಮೇಲೆ. ಮುತ್ತಿಗೆ ನಿಜ, ಮಣಿಮಂಗಲದ ಕಾಳಗ ನಿಜ, ವಾತಾಪಿಯ ಪತನ ನಿಜ. ಇದನ್ನು ನಾವು ಮರೆಮಾಚಬೇಕಾದುದಿಲ್ಲ. ಆದರೆ ಶಾಸನಗಳ ಸಾಕ್ಷ್ಯ ಇಲ್ಲಿಗೇ ಮುಗಿಯುತ್ತದೆ. ಶಿವಕಾಮಿ, ಆಯನರು, ಭಿಕ್ಷು ನಾಗನಂದಿ ಇವರು ಕಾದಂಬರಿಕಾರರ ಸೃಷ್ಟಿ. ಪುಲಿಕೇಶಿ ಶಿಲ್ಪಿಗಳ ಕೈಕಾಲುಗಳನ್ನು ಕಡಿಸಿದನೆಂಬುದಕ್ಕೆ ಪಲ್ಲವರ ಶಾಸನದಲ್ಲಿಯೂ ಆಧಾರವಿಲ್ಲ. ಗೆದ್ದವರ ಪ್ರಶಸ್ತಿಯೇ ಹೊರಿಸದಿದ್ದ ಅಪವಾದವನ್ನು ಹದಿಮೂರು ಶತಮಾನಗಳ ಬಳಿಕ ಕಾದಂಬರಿ ಹೊರಿಸಿತು. ಕಾದಂಬರಿಕಾರನಿಗೆ ಕಲ್ಪಿಸುವ ಅಧಿಕಾರವಿಲ್ಲವೆಂದು ಹೇಳುತ್ತಿಲ್ಲ. ಯಾವ ದಿಕ್ಕಿಗೆ ಕಲ್ಪಿಸಿದನು, ಏಕೆ ಆ ದಿಕ್ಕಿಗೇ ಕಲ್ಪಿಸಿದನು ಎಂದು ಕೇಳುವ ಅಧಿಕಾರ ವಿಮರ್ಶಕನಿಗೆ ಉಂಟೆಂದಷ್ಟೇ ನಮ್ಮ ವಾದ.

೫

ಕಾದಂಬರಿಯ ಪುಲಿಕೇಶಿ ಶೂರ, ಛಲಗಾರ, ಮುಂಗೋಪಿ. ಬಹುಕಾಲ ಮುತ್ತಿದರೂ ಕಂಚಿ ಬೀಳದಿದ್ದಾಗ ಸ್ನೇಹದ ನೆಪದಲ್ಲಿ ಕೋಟೆಯೊಳಗೆ ಅತಿಥಿಯಾಗಿ ಬರುತ್ತಾನೆ. ಮಹೇಂದ್ರವರ್ಮನು ಅವನನ್ನು ಸತ್ಕರಿಸಿ, ಶಿವಕಾಮಿಯ ನೃತ್ಯವನ್ನು ತೋರಿಸುತ್ತಾನೆ. ಆತಿಥ್ಯವನ್ನು ಉಂಡು ಹೊರಟ ದೊರೆ, ಮಹೇಂದ್ರನ ಯುಕ್ತಿಗಳಿಂದ ತಾನು ಮೋಸಹೋದೆನೆಂಬ ರೋಷದಿಂದ ಪಲ್ಲವನಾಡಿನ ಹಳ್ಳಿಗಳನ್ನು ಸುಡಿಸುತ್ತಾನೆ, ಶಿಲ್ಪಗಳನ್ನು ಒಡೆಯಿಸುತ್ತಾನೆ, ಶಿಲ್ಪಿಗಳನ್ನು ಹಿಂಸಿಸುತ್ತಾನೆ. ಶಿವಕಾಮಿ ವಾತಾಪಿಗೆ ಸೆರೆಯಾಗಿ ಹೋಗುತ್ತಾಳೆ. ಅಲ್ಲಿಯ ಬೀದಿಯಲ್ಲಿ ಚಾಟಿಯೇಟು ತಿನ್ನುತ್ತಿದ್ದ ತನ್ನ ನಾಡಿನ ಸೆರೆಯಾಳುಗಳನ್ನು ಉಳಿಸಲು ಆಕೆ ಕುಣಿಯಬೇಕಾಗುತ್ತದೆ. ಈ ನಗರ ಬೂದಿಯಾಗುವವರೆಗೆ ಇಲ್ಲಿಂದ ಹೊರಡುವುದಿಲ್ಲವೆಂಬ ಆಕೆಯ ಶಪಥ ಹುಟ್ಟುವುದು ಹೀಗೆ.

ಇಲ್ಲಿ ಯುದ್ಧ ಎರಡು ರಾಜ್ಯಗಳ ನಡುವಣ ಯುದ್ಧವಾಗಿ ಉಳಿಯದೆ, ಕಲೆಗೂ ಕಲೆಯನ್ನು ಅರಿಯದ ಪಶುಬಲಕ್ಕೂ ನಡೆದ ಯುದ್ಧವಾಗಿ ಮಾರ್ಪಡುತ್ತದೆ. ಕಲೆಯ ಪಕ್ಷ ಕಂಚಿಯದು, ಪಶುಬಲ ವಾತಾಪಿಯದು. ಕಥೆಗೆ ಇದರಿಂದ ಬಲ ಬಂದಿತು. ಆದರೆ ಸತ್ಯಕ್ಕೆ ಕುಂದು ಬಂದಿತು. ಮಹೇಂದ್ರವರ್ಮನು 'ವಿಚಿತ್ರಚಿತ್ತ'ನೆಂಬ ಬಿರುದಿಗೆ ತಕ್ಕ ಕಲಾವಿದ, 'ಮತ್ತವಿಲಾಸ' ಪ್ರಹಸನದ ಕರ್ತೃ, ಇಟ್ಟಿಗೆ ಮರ ಲೋಹ ಗಾರೆಗಳಿಲ್ಲದೆ ಮಂಡಗಪಟ್ಟಿನ ಬಂಡೆಯಲ್ಲಿ ಗುಡಿಯನ್ನು ಕೊರೆಯಿಸಿದವನು ಎಂಬುದನ್ನು ಒಪ್ಪದವರು ಯಾರು? ಆದರೆ ಬಾದಾಮಿಯ ಮೂರನೆಯ ಗುಹೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಡವೆ? ಪುಲಿಕೇಶಿಯ ಚಿಕ್ಕಪ್ಪ ಮಂಗಲೇಶನು ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಆ ವಿಷ್ಣುಗೃಹವನ್ನು ಮಾಡಿಸಿದುದು ಶಕವರ್ಷ ೫೦೦ರಲ್ಲಿ, ಎಂದರೆ ಕ್ರಿ.ಶ. ೫೭೮ರಲ್ಲಿ. ಮಹೇಂದ್ರವರ್ಮನು ಪಟ್ಟಕ್ಕೆ ಬರುವ ಮೊದಲೇ ವಾತಾಪಿಯ ಕೆಂಪುಬಂಡೆಯಲ್ಲಿ ತ್ರಿವಿಕ್ರಮನೂ ವರಾಹನೂ ನರಸಿಂಹನೂ ಮೂಡಿ ನಿಂತಿದ್ದರು. ಆ ಗುಹೆಯ ಛಾವಣಿಯಲ್ಲಿ ವರ್ಣಚಿತ್ರಗಳ ಅವಶೇಷಗಳೂ ಉಳಿದಿವೆ. ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಳ್ಳುವಷ್ಟು ಕಾವ್ಯಗರ್ವವಿದ್ದ ರವಿಕೀರ್ತಿಗೆ ಪುಲಿಕೇಶಿಯೇ ಆಶ್ರಯದಾತ. ಇಂತಹ ಊರಿನಲ್ಲಿ ಬೆಳೆದ ದೊರೆಗೆ ಕಲೆಯ ಗಂಧವೇ ಇರಲಿಲ್ಲವೆಂದರೆ ನಂಬುವುದು ಹೇಗೆ?

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಾದಂಬರಿಯಲ್ಲಿ ಅಜಂತೆಯ ವರ್ಣಗಳ ರಹಸ್ಯಕ್ಕೆ ದೊಡ್ಡ ಸ್ಥಾನವಿದೆ. ಸಾವಿರ ವರ್ಷ ಕಳೆದರೂ ಮಾಸದ ಆ ಬಣ್ಣಗಳನ್ನು ತಿಳಿಯಬೇಕೆಂಬ ಹಂಬಲ ಆಯನರ ಬಾಳನ್ನೇ ಆವರಿಸಿದೆ. ಅಜಂತೆ ಚಾಲುಕ್ಯರ ರಾಜ್ಯದಲ್ಲಿದೆ. ಆದರೆ ಅಜಂತೆಯ ಹಿರಿಮೆಯ ಚಿತ್ರಗಳು ಬಹುಮಟ್ಟಿಗೆ ಐದನೆಯ ಶತಮಾನದ ವಾಕಾಟಕರ ಕಾಲದವೆಂಬುದು ಇಂದಿನ ವಿದ್ವಾಂಸರಲ್ಲಿ ಬಹುಮಂದಿಯ ಮತ. ಹಾಗಿದ್ದಲ್ಲಿ, ಚಾಲುಕ್ಯರದಲ್ಲದ ಕಲೆಯನ್ನು ಕಾದಂಬರಿ ಅವರ ರಾಜ್ಯಕ್ಕೆ ಸೇರಿಸಿ ಕೊಟ್ಟಿತು. ಅವರದೇ ಆದ ಬಾದಾಮಿಯ ಕಲೆಗೆ ಅಜಂತೆಗೆ ಸಂದ ಗೌರವವನ್ನು ಸಲ್ಲಿಸಲಿಲ್ಲ. ಲೆಕ್ಕ ಬರೆಯುವವರಿಗೆ ಗೊತ್ತಿರುವ ಒಂದು ಮಾತುಂಟು: ಒಂದು ಬದಿ ಮಾತ್ರ ತುಂಬಿದ ಖಾತೆ ಎಷ್ಟು ಅಂದವಾಗಿದ್ದರೂ ತಾಳೆಯಾಗುವುದಿಲ್ಲ.

ಕಲ್ಕಿಯವರಿಗೆ ಶತ್ರುವನ್ನು ಗೌರವಿಸಲು ಬಾರದೆ? ಹಾಗೆ ಹೇಳುವಂತಿಲ್ಲ. ಇದಕ್ಕೆ ಮೊದಲು ಬರೆದ 'ಪಾರ್ತಿಬನ್ ಕನವು' ಕಾದಂಬರಿಯಲ್ಲಿ ಅವರು ಆ ಗುಣವನ್ನು ಯಥೇಷ್ಟವಾಗಿ ತೋರಿಸಿದ್ದಾರೆ. ಅಲ್ಲಿ ಪಲ್ಲವ ನರಸಿಂಹವರ್ಮನಿಗೆ ಕಪ್ಪ ಕೊಡಲೊಲ್ಲದೆ ಚೋಳದೊರೆ ಪಾರ್ತಿಬನು ರಣದಲ್ಲಿ ಮಡಿಯುತ್ತಾನೆ. ಅವನ ಕೊನೆಯ ಗಳಿಗೆಯಲ್ಲಿ ಒಬ್ಬ ಶಿವಭಕ್ತ ಬಂದು, ನಿನ್ನ ಮಗನನ್ನು ವೀರನನ್ನಾಗಿ ಬೆಳೆಸುತ್ತೇನೆಂದು ಮಾತು ಕೊಡುತ್ತಾನೆ. ಆ ಶಿವಭಕ್ತ ಮತ್ತಾರೂ ಅಲ್ಲ, ವೇಷ ಮರೆಸಿಕೊಂಡ ನರಸಿಂಹವರ್ಮನೇ. ಗೆದ್ದವನೇ ಸೋತವನ ಕನಸನ್ನು ಕಾಪಾಡುವ ಈ ಕಲ್ಪನೆ ಎಷ್ಟು ಉದಾತ್ತವಾದುದು! ಆದರೆ ಅಲ್ಲಿ ವೈರಿಗಳಿಬ್ಬರೂ ತಮಿಳುನಾಡಿನವರು. ಗಡಿಯಾಚೆಯ ವೈರಿಗೆ ಆ ಉದಾರತೆ ಸಲ್ಲಲಿಲ್ಲ. ನಮ್ಮ ಆಕ್ಷೇಪವೆಲ್ಲ ಇದೊಂದರಲ್ಲಿ ಅಡಗಿದೆ.

೬

ಆದರೂ ಕಲ್ಕಿಯವರಂತಹ ಕಲಾವಿದರ ಅಂತಃಕರಣ ಇಷ್ಟು ಸುಲಭವಾದ ಹಂಚಿಕೆಗೆ ಪೂರ್ತಿಯಾಗಿ ಒಪ್ಪಿಕೊಂಡಿತೆಂದು ನನಗೆ ತೋರುವುದಿಲ್ಲ. ಅದಕ್ಕೆ ಸಾಕ್ಷಿ ಭಿಕ್ಷು ನಾಗನಂದಿಯ ಪಾತ್ರ. ಆರಂಭದಲ್ಲಿ ಪರಂಜ್ಯೋತಿಯ ಜೊತೆಗಾರನಾಗಿ ಕಾಣಿಸಿಕೊಳ್ಳುವ ಈ ಸಂನ್ಯಾಸಿ ಚಾಲುಕ್ಯರ ಗೂಢಚಾರ. ರೂಪದಲ್ಲಿ ಪುಲಿಕೇಶಿಯ ಪಡಿಯಚ್ಚಾದ ಅವಳಿ ಸಹೋದರ. ಅವನು ಕಲೆಯ ಆರಾಧಕ. ಶಿವಕಾಮಿಯ ನೃತ್ಯದ ಮೇಲಣ ಮೋಹ ಅವನ ವ್ರತವನ್ನೂ ವಿವೇಕವನ್ನೂ ಸುಟ್ಟುಬಿಡುತ್ತದೆ. ಕಾದಂಬರಿಯ ಮೂರನೆಯ ಭಾಗಕ್ಕೆ 'ಭಿಕ್ಷುವಿನ ಪ್ರೇಮ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಗ್ರಂಥದಲ್ಲಿ ಅತ್ಯಂತ ಆಳವಾದ, ನೆನಪಿನಿಂದ ಅಳಿಯದ ಪಾತ್ರ ಇದೇ ಎಂದರೆ ಅತಿಶಯೋಕ್ತಿಯಾಗದು.

ಇತಿಹಾಸದಲ್ಲಿ ಪುಲಿಕೇಶಿಗೆ ಇಂತಹ ಅವಳಿ ಸಹೋದರನಿಲ್ಲ. ಅವನ ತಮ್ಮ ಕುಬ್ಜವಿಷ್ಣುವರ್ಧನ ವೆಂಗಿಯಲ್ಲಿ ಪೂರ್ವಚಾಲುಕ್ಯರ ವಂಶವನ್ನು ಸ್ಥಾಪಿಸಿದವನು. ಹಾಗಾದರೆ ಕಾದಂಬರಿಕಾರರಿಗೆ ಈ ಅವಳಿ ಏಕೆ ಬೇಕಾಯಿತು? ವೇಷಪಲ್ಲಟದ ಸ್ವಾರಸ್ಯಕ್ಕಾಗಿ ಎಂದು ಹೇಳಬಹುದು. ಒಬ್ಬನನ್ನು ಕಂಡು ಇನ್ನೊಬ್ಬನೆಂದು ಭ್ರಮಿಸುವ ಸನ್ನಿವೇಶಗಳು ಕಥೆಗೆ ಬೇಕಾದಷ್ಟು ಕುತೂಹಲವನ್ನು ತಂದಿವೆ. ಆದರೆ ಅದಕ್ಕಿಂತ ಒಳಗಿನ ಕಾರಣವೊಂದು ಇರಬೇಕು. ಕಲೆಗೂ ಪಶುಬಲಕ್ಕೂ ಯುದ್ಧವೆಂದು ಕಥೆಯನ್ನು ಕಟ್ಟಿದ ಮೇಲೆ, ಪರಾಕ್ರಮವೂ ರಸಿಕತೆಯೂ ಒಟ್ಟಾಗಿರುವ ಚಾಲುಕ್ಯನಿಗೆ ಅದರಲ್ಲಿ ಎಡೆಯಿಲ್ಲ. ಆದರೆ ಚಾಲುಕ್ಯರು ರಸಿಕರಾಗಿದ್ದರೆಂಬುದನ್ನು ಅಜಂತೆಗೆ ಮನಸೋತ ಲೇಖಕರು ಅಲ್ಲಗಳೆಯಲೂ ಆರರು. ಆದುದರಿಂದ ಅವರು ಒಬ್ಬ ಚಾಲುಕ್ಯನನ್ನು ಇಬ್ಬರನ್ನಾಗಿ ಸೀಳಿದರು. ಕತ್ತಿಯನ್ನು ಒಬ್ಬನಿಗೆ ಕೊಟ್ಟರು, ಕಣ್ಣನ್ನು ಇನ್ನೊಬ್ಬನಿಗೆ ಕೊಟ್ಟರು. ಕಣ್ಣಿಲ್ಲದ ಕತ್ತಿ ಕ್ರೂರವಾಯಿತು. ನೆಲೆಯಿಲ್ಲದ ಕಣ್ಣು ಉನ್ಮತ್ತವಾಯಿತು. ಮುಖ ಮಾತ್ರ ಇಬ್ಬರಿಗೂ ಒಂದೇ.

ಇದನ್ನು ಅರಿತ ಮೇಲೆ ಕನ್ನಡ ವಾಚಕನ ಮುನಿಸು ಸ್ವಲ್ಪ ಶಾಂತವಾಗಬೇಕು. ಪುಲಿಕೇಶಿಗೆ ಕಾದಂಬರಿಯಲ್ಲಿ ಆಗಿರುವ ಅನ್ಯಾಯ ನಿಜ. ಆದರೆ ಆ ಅನ್ಯಾಯವನ್ನು ತಿದ್ದುವ ಸಾಮಗ್ರಿಯೂ ಆ ಗ್ರಂಥದಲ್ಲಿಯೇ ಇದೆ. ನಾಗನಂದಿಯನ್ನು ಪುಲಿಕೇಶಿಯೊಡನೆ ಮತ್ತೆ ಜೋಡಿಸಿ ಓದಿದರೆ, ಇತಿಹಾಸದ ಚಾಲುಕ್ಯ ದೊರೆಯ ರೇಖೆ ಸ್ವಲ್ಪಮಟ್ಟಿಗೆ ಕಾಣಿಸುತ್ತದೆ.

೭

ಇನ್ನೊಂದು ಜಮೆಯನ್ನೂ ಕಲ್ಕಿಯವರ ಹೆಸರಿಗೆ ಬರೆಯಬೇಕು. ಅವರು ವಾತಾಪಿಯ ದಹನವನ್ನು ಉತ್ಸವವನ್ನಾಗಿ ಚಿತ್ರಿಸಲಿಲ್ಲ. ಒಂಬತ್ತು ವರ್ಷ ಸಿದ್ಧತೆ ಮಾಡಿ ನರಸಿಂಹವರ್ಮನು ಬರುತ್ತಾನೆ, ಶಪಥ ಈಡೇರುತ್ತದೆ, ನಗರ ಉರಿಯುತ್ತದೆ. ಆದರೆ ಉರಿಯುವ ನಗರವನ್ನು ಕಂಡ ಶಿವಕಾಮಿಗೆ ಸಂತೋಷವಿಲ್ಲ. ತನ್ನ ಒಂದು ಮಾತಿಗಾಗಿ ಎಷ್ಟು ಮಂದಿ ನಿರಪರಾಧಿಗಳು ಬೆಂದರೆಂಬ ಪಶ್ಚಾತ್ತಾಪವೇ ಅವಳಿಗೆ ಉಳಿಯುತ್ತದೆ. ಕಂಚಿಗೆ ಮರಳಿ ಬಂದಾಗ ನರಸಿಂಹವರ್ಮನು ಪಾಂಡ್ಯರಾಜಕುಮಾರಿಯ ಪತಿ. ಶಿವಕಾಮಿ ಏಕಾಮ್ರನಾಥನಿಗೆ ತನ್ನನ್ನು ಅರ್ಪಿಸಿಕೊಂಡು ದೇವರ ಮುಂದೆ ಕುಣಿಯುತ್ತಾಳೆ. ದಂಡನಾಯಕ ಪರಂಜ್ಯೋತಿ ಕತ್ತಿಯನ್ನು ಬಿಟ್ಟು ಭಕ್ತನಾಗುತ್ತಾನೆ. ಕೊನೆಯ ಭಾಗಕ್ಕೆ ಲೇಖಕರು ಕೊಟ್ಟ ಹೆಸರಿನ ಅರ್ಥ 'ಚೂರಾದ ಕನಸು'. ಗಾಂಧೀಜಿಯ ಕರೆಗೆ ಶಾಲೆ ಬಿಟ್ಟ ಹುಡುಗ, ನಡುವಯಸ್ಸಿನಲ್ಲಿ, ಮಹಾಯುದ್ಧ ಮುಗಿಯುತ್ತಿದ್ದ ದಿನಗಳಲ್ಲಿ, ಸೇಡಿನ ಕಥೆಯನ್ನು ಬರೆಯತೊಡಗಿ ಅದನ್ನು ಸೇಡಿನ ವ್ಯರ್ಥತೆಯ ಕಥೆಯಾಗಿ ಮುಗಿಸಿದರು. ಗೆಲುವಿನ ಕಹಳೆಯನ್ನೇ ಕೇಳಲು ಬಂದ ಓದುಗನಿಗೆ ಕೊನೆಯಲ್ಲಿ ಕೇಳಿಸುವುದು ಒಂಟಿ ಗೆಜ್ಜೆಯ ದನಿ.

ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳದೆ ನೆರೆಯವರ ಲೆಕ್ಕವನ್ನು ತಿದ್ದುವುದು ಸಲ್ಲದು. ಪುಸ್ತಕದ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಕನ್ನಡಿಗರಲ್ಲಿ ಓದುವ ಹವ್ಯಾಸವನ್ನು ಬೆಳೆಸಿದ ಗಳಗನಾಥರಿಂದ ಹಿಡಿದು, ಚಿತ್ರದುರ್ಗದ ಕಲ್ಲುಗಳಿಗೆ ಬಾಯಿ ಬರಿಸಿದ ತ. ರಾ. ಸುಬ್ಬರಾಯರವರೆಗೆ, ನಮ್ಮ ಐತಿಹಾಸಿಕ ಕಾದಂಬರಿಯೂ ನಾಡಿನ ಅಭಿಮಾನದ ಹಾಲನ್ನೇ ಕುಡಿದು ಬೆಳೆಯಿತು. ಅದು ಆ ಕಾಲಕ್ಕೆ ಬೇಕಾಗಿತ್ತು. ಹರಿದು ಹಂಚಿಹೋದ ಜನಕ್ಕೆ ತಮ್ಮ ಹಿಂದಿನ ಹಿರಿಮೆಯನ್ನು ನೆನಪಿಸುವುದು ಪುಣ್ಯಕಾರ್ಯವೇ ಆಗಿತ್ತು. ಆದರೆ ಅಭಿಮಾನದ ಕಾದಂಬರಿಗೆ ಒಬ್ಬ ಖಳನಾದ ಹೊರಗಿನವನು ಬೇಕೇಬೇಕು. ನಮ್ಮ ಕಾದಂಬರಿಗಳಲ್ಲಿ ಆ ಸ್ಥಾನಕ್ಕೆ ಬಂದವರ ವಂಶಜರೂ ನಮ್ಮ ನಡುವೆಯೇ ಬಾಳುತ್ತಿದ್ದಾರೆಂಬುದನ್ನು ನಾವು ಎಷ್ಟು ಸಲ ಯೋಚಿಸಿದ್ದೇವೆ? ೧೯೫೬ರ 'ಚಿಕವೀರ ರಾಜೇಂದ್ರ'ದಲ್ಲಿ ಮಾಸ್ತಿಯವರು ಬೇರೆ ದಾರಿಯನ್ನು ಹಿಡಿದರು. ಕೊಡಗು ಇಂಗ್ಲಿಷರ ಪಾಲಾದುದಕ್ಕೆ ಅವರು ಇಂಗ್ಲಿಷರನ್ನು ಮಾತ್ರ ಹೊಣೆಮಾಡಲಿಲ್ಲ. ಅರಮನೆಯ ಒಳಗಿನ ಕೊಳೆಯನ್ನೂ ನಿರ್ದಾಕ್ಷಿಣ್ಯವಾಗಿ ತೋರಿಸಿದರು. ೧೯೮೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಆ ಗ್ರಂಥದ ಕರ್ತೃವಿಗೆ ಸಂದಿತು. ಆದರೆ ಆ ದಾರಿಯಲ್ಲಿ ನಡೆದವರು ಎರಡು ಭಾಷೆಗಳಲ್ಲಿಯೂ ವಿರಳ.

ಹಾಗಾದರೆ ತಮಿಳು ಮಿತ್ರರ ನಗೆಮಾತಿಗೆ ಏನು ಉತ್ತರ? ಕಂಚಿಯನ್ನು ಖಳರ ಬೀಡನ್ನಾಗಿ ಮಾಡಿ ಕನ್ನಡದಲ್ಲಿ ಇನ್ನೊಂದು ಕಾದಂಬರಿಯನ್ನು ಬರೆಯುವುದು ಉತ್ತರವಲ್ಲ; ಅದು ಶಿವಕಾಮಿಯ ಶಪಥವನ್ನು ನಾವು ಮುಂದುವರಿಸಿದಂತೆ. ಉತ್ತರ ಕಂಚಿಯಲ್ಲಿಯೇ ಇದೆ. ವಾತಾಪಿ ಬಿದ್ದ ಸುಮಾರು ತೊಂ¬ತ್ತು ವರ್ಷಗಳ ಬಳಿಕ, ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಪುಲಿಕೇಶಿಯ ವಂಶದ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು ಒಳಹೊಕ್ಕನು. ಸೇಡನ್ನು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಅವನು ರಾಜಸಿಂಹೇಶ್ವರ ದೇವಾಲಯದ, ಎಂದರೆ ಈಗಿನ ಕೈಲಾಸನಾಥ ದೇವಾಲಯದ, ಸಂಪತ್ತನ್ನು ನೋಡಿ, ಅದನ್ನು ಕಸಿದುಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟನು. ಹಾಗೆಂದು ಹೇಳುವ ಶಾಸನ ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಲ್ಪಟ್ಟು ಇಂದಿಗೂ ನಿಂತಿದೆ. ಆ ಗೆಲುವಿನ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯ, ಈಗಿನ ವಿರೂಪಾಕ್ಷ, ರೂಪದಲ್ಲಿ ಕಂಚಿಯ ಕೈಲಾಸನಾಥವನ್ನೇ ನೆನಪಿಗೆ ತರುತ್ತದೆ. ಅದರ ಶಿಲ್ಪಿಗಳಲ್ಲಿ ಒಬ್ಬನನ್ನು ಅಲ್ಲಿಯ ಶಾಸನ ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಕೊಂಡಾಡುತ್ತದೆ.

ಕಲ್ಕಿಯವರ ಕಾದಂಬರಿ ೬೪೨ರ ಬೆಂಕಿಯೊಡನೆ ಮುಗಿಯಿತು. ಇತಿಹಾಸ ಅಲ್ಲಿಗೆ ಮುಗಿಯಲಿಲ್ಲ. ಕಂಚಿಯನ್ನು ನೋಡಲು ಹೋಗುವ ಕನ್ನಡಿಗರು ತಮ್ಮ ತಮಿಳು ಮಿತ್ರರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಕಂಬದ ಅಕ್ಷರಗಳನ್ನು ಅವರಿಗೆ ಓದಿ ಹೇಳಲಿ. 'ಶಿವಕಾಮಿಯಿನ್ ಶಪಥಂ' ಓದಿ ಕಣ್ಣೀರು ಸುರಿಸಿದವರಿಗೆ ಆ ಅಕ್ಷರಗಳ ಬೆಲೆ ಬೇರೆಯವರಿಗಿಂತ ಚೆನ್ನಾಗಿಯೇ ತಿಳಿದೀತು.